ಹಗ್ಗ ಮುಟ್ಟಿದವರು

ಸೋಮವಾರ ಬಂತೆಂದರೆ ಗಂಗೊಳ್ಳಿಯಿಂದ ಬೈಂದೂರಿನವರೆಗೆ ಇಡೀ ಕಡಲತೀರ ಉಗುರು ಕಚ್ಚುತ್ತ ಕೂರುತ್ತಿತ್ತು. ಅಂದು ಮಧ್ಯಾಹ್ನ ಹನ್ನೆರಡಕ್ಕೆ ಆ ವಾರದ ಮಿತಿ ಹೊರಬೀಳುತ್ತಿತ್ತು. ಆಳಸಮುದ್ರದಿಂದ ಒಂದೊಂದು ಬೋಟು ಎಷ್ಟು ಮೀನು ಎತ್ತಬಹುದು, ಯಾವುದನ್ನು ಮುಟ್ಟಬಾರದು, ಎಲ್ಲಿ ಬಲೆ ಬಿಡಬಾರದು, ಎಲ್ಲವೂ ಅದರಲ್ಲೇ. ಬೇರೆ ಊರಿನವರಿಗೆ ಮಳೆಯ ಚಿಂತೆ, ಬೆಲೆಯ ಚಿಂತೆ. ಇಲ್ಲಿಯವರಿಗೆ ಶಾನುಭೋಗರು ಈ ವಾರ ಏನು ಹೇಳುತ್ತಾರೋ ಎಂಬ ಚಿಂತೆ.

ಶಾನುಭೋಗರೆಂದರೆ ಮನುಷ್ಯರಲ್ಲ. ಬಂದರಿನ ಮೇಲಿನ ದಿಬ್ಬದಲ್ಲಿದ್ದ ಮಿತಿ ಕೇಂದ್ರದ ಕಂಪ್ಯೂಟರಿಗೆ ಮೀನುಗಾರರು ಇಟ್ಟ ಅಡ್ಡಹೆಸರು. ಕಡಲು ಬಿಸಿಯಾಗಿ ಬಂಗುಡೆ, ಬೂತಾಯಿಗಳು ಈ ತೀರವನ್ನು ಬಿಟ್ಟುಹೋದ ಮೇಲೆ ಬೋಟುಗಳು ಆಳಕ್ಕೆ ಇಳಿದಿದ್ದವು. ಬೆಳಕೇ ತಲುಪದ ಆ ತಳದಲ್ಲಿ ಸಿಕ್ಕಿದ್ದು ಕೆಂಗಣ್ಣಿ. ಅಂಗೈ ಅಗಲದ ಕೆಂಪು ಕಣ್ಣು, ಬಾಯಲ್ಲಿಟ್ಟರೆ ಕರಗುವ ಮಾಂಸ. ಆದರೆ ಅದು ಬೆಳೆಯುವ ಚಂದ ಕೇಳಿದರೆ ಸಾಕು, ತುತ್ತು ಗಂಟಲಲ್ಲಿ ನಿಲ್ಲುತ್ತದೆ. ಮೊದಲ ಸಲ ಮೊಟ್ಟೆಯಿಡಲು ಅದಕ್ಕೆ ಮೂವತ್ತು ವರ್ಷ ಬೇಕು. ಸಾರಿನಲ್ಲಿ ಬೆಂದ ಮೀನು ಉಣ್ಣುವವನ ಅಜ್ಜನಿಗಿಂತ ಹಿರಿಯದಾಗಿರುವುದೂ ಉಂಟು. ಹಿಡಿಯುವುದು ಸುಲಭ, ಮತ್ತೆ ತುಂಬಿಕೊಳ್ಳುವುದು ಯುಗಯುಗದ ಮಾತು. ಅದಕ್ಕೇ ಈ ಮಿತಿ, ಈ ಕೇಂದ್ರ, ಈ ಶಾನುಭೋಗಿಕೆ.

ಏರ್ಪಾಡು ಹೀಗಿತ್ತು. ಪ್ರತಿ ಬೋಟಿನ ಮಂಜುಗಡ್ಡೆ ಪೆಟ್ಟಿಗೆಯ ಬಾಯಲ್ಲಿ ಒಂದು ತೂಕಗಣ್ಣು. ಒಳಗೆ ಜಾರುವ ಪ್ರತಿ ಮೀನನ್ನೂ ಅದು ನೋಡಿ, ತೂಗಿ, ಕೇಂದ್ರಕ್ಕೆ ಹೇಳುತ್ತಿತ್ತು. ಆ ಬೋಟು ಅಂದು ಎಲ್ಲೆಲ್ಲಿ ಬಲೆ ಎಳೆದಿತ್ತು ಎಂಬುದೂ ಜೊತೆಗೇ ಬರುತ್ತಿತ್ತು. ಎರಡನ್ನೂ ಕೂಡಿಸಿ ಕಡಲ ತಳದಲ್ಲಿ ಎಲ್ಲಿ ಎಷ್ಟು ಕೆಂಗಣ್ಣಿ ಉಳಿದಿದೆ ಎಂದು ಶಾನುಭೋಗರು ಅಂದಾಜು ಹಾಕುತ್ತಿದ್ದರು. ಮಿತಿ ಮುಗಿದ ಬೋಟಿನ ವಿಂಚಿಗೆ, ಎಂದರೆ ಬಲೆಯೆತ್ತುವ ಯಂತ್ರಕ್ಕೆ, ಕೇಂದ್ರದಿಂದಲೇ ಬೀಗ ಬೀಳುತ್ತಿತ್ತು. ಒಂದು ಬೋಟಿನ ಮೀನು ಇನ್ನೊಂದಕ್ಕೆ ದಾಟಬಾರದು. ದಾಟಿದ್ದು ತಿಳಿದರೆ ಮೂರು ವರ್ಷ ಆಳಸಮುದ್ರದ ಕಡೆ ತಲೆ ಹಾಕುವಂತಿಲ್ಲ.

ಈ ಶಾನುಭೋಗರ ಪಕ್ಕದಲ್ಲಿ ಕೂತು ಲೆಕ್ಕ ನೋಡುವ ಕೆಲಸ ಮರವಂತೆಯ ಸುಜಯಾ ಮೊಗವೀರಳದು. ಬೋಟಿನವರ ಮನೆಯ ಹುಡುಗಿ, ಕಡಲಜೀವಶಾಸ್ತ್ರ ಓದಿ ಕೇಂದ್ರ ಸೇರಿದ್ದಳು. ಅಣ್ಣ ಸದಾಶಿವ ತಾಂಡೇಲ, ಎಂದರೆ ಬೋಟಿನ ನಾಯಕ. ಅಣ್ಣ ಹಿಡಿಯುವವನು, ತಂಗಿ ತಡೆಯುವವಳು, ನಡುವೆ ಅಮ್ಮ ಲಚ್ಚಕ್ಕ ಇಬ್ಬರಿಗೂ ಬಡಿಸುವವಳು ಎಂದು ಕೇರಿಯಲ್ಲಿ ಎಲ್ಲರೂ ನಗುತ್ತಿದ್ದರು.

ಆ ಶನಿವಾರ ಶಾನುಭೋಗರು ಕೊಟ್ಟ ಅಂದಾಜು ನೋಡಿ ಕೇಂದ್ರದಲ್ಲಿ ಹಬ್ಬದ ಕಳೆ. ಕೆಂಗಣ್ಣಿ ಎಲ್ಲ ಕಡೆಯೂ ಸಮನಾಗಿ ಹರಡಿದೆ, ಮಿತಿಯನ್ನು ಎರಡು ಪಟ್ಟು ಮಾಡಬಹುದು. ಸೋಮವಾರ ಮಂತ್ರಿಗಳೇ ಬಂದು ಘೋಷಿಸುವುದೆಂದು ತೀರ್ಮಾನವಾಯಿತು. ಹೊಸ ಮಿತಿ ಬಂದರೆ ಹೊರಗಿನ ದೊಡ್ಡ ಹಡಗುಗಳಿಗೂ ಪರವಾನಗಿ ಸಿಗುತ್ತಿತ್ತು.

"ಏನ್ರೀ ಸುಜಯಾ, ಎಲ್ಲಾರೂ ಪೇಢೆ ತಿನ್ನಾಕ ಹತ್ಯಾರ, ನಿಮ್ಮ ಮಾರಿ ಯಾಕ ಸಣ್ಣಗಾಗೇತಿ?" ಎಂದರು ನಿರ್ದೇಶಕ ಡಾ. ಹೊಸಮನಿ. ಧಾರವಾಡದ ಕಡೆಯವರು, ಒಳ್ಳೆಯ ಮನುಷ್ಯ, ಆದರೆ ಕಡಲನ್ನು ಪರದೆಯ ಮೇಲೆ ಕಂಡದ್ದೇ ಹೆಚ್ಚು.

"ಗೊತ್ತಿಲ್ಲ ಸರ್. ಎಲ್ಲ ತುಂಬಾ ಸಮ ಉಂಟು."

"ಸಮ ಇದ್ರ ಛಲೋ ಅಲ್ಲೇನ್ರೀ?"

ಅವಳು ಮತ್ತೆ ಪರದೆಯತ್ತ ತಿರುಗಿದಳು. ಆಳಕ್ಕೆ ಹೋಗುವ ಇಪ್ಪತ್ತಮೂರು ಬೋಟು ಇಪ್ಪತ್ತಮೂರು ದಿಕ್ಕಿಗೆ ಬಲೆ ಎಳೆದಿವೆ, ಎಲ್ಲದಕ್ಕೂ ಹೆಚ್ಚು ಕಡಿಮೆ ಅಷ್ಟಷ್ಟೇ ಮೀನು. ಕಡಲು ಯಾವತ್ತು ಇಷ್ಟು ನ್ಯಾಯವಾಗಿ ಹಂಚಿತ್ತು? ಅವಳು ಪೇಢೆಯನ್ನು ಮೇಜಿನ ಮೇಲೆಯೇ ಬಿಟ್ಟು ಮನೆಗೆ ಹೋದಳು.

ಮರುದಿನ ಭಾನುವಾರ. ಸದಾಶಿವ ಕಡಲಿಂದ ಬಂದಿದ್ದ, ಮಧ್ಯಾಹ್ನದ ಊಟ ಮುಗಿಸಿ ಮತ್ತೆ ಹೊರಡುವವನಿದ್ದ. ಅವನ ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಲಚ್ಚಕ್ಕ ಕೊತ್ತಂಬರಿ, ಬ್ಯಾಡಗಿ ಮೆಣಸು ಅರೆದು ಕೆಂಗಣ್ಣಿಯ ಸಾರು ಮಾಡಿದ್ದಳು. ಹೊಟ್ಟೆ ಸೀಳಿದ್ದೆಲ್ಲ ಮೊಟ್ಟೆ ಮೀನೇ ಎಂದು ಒಂದು ತಟ್ಟೆಯ ತುಂಬ ಮೊಟ್ಟೆ ಹುರಿದಿಟ್ಟಿದ್ದಳು.

"ತೆಂಕಿನ ಬದಿಗೆ ಒಳ್ಳೆ ಮೀನ್ ಬಿದ್ದಿತ್ತಲ್ದಾ ಅಣ್ಣ ಈ ಸಲ?" ಎಂದಳು ಸುಜಯಾ. ಅವನ ಬೋಟು ತೆಂಕಿನ ಕಡೆ ಬಲೆ ಎಳೆದಿದ್ದನ್ನು ಅವಳು ಪರದೆಯಲ್ಲಿ ನೋಡಿದ್ದಳು.

ಸದಾಶಿವ ಅನ್ನ ಕಲೆಸುತ್ತ ನಕ್ಕ. "ತೆಂಕಿನ್ ಬದಿಗಾ? ಅಲ್ಲ್ ನಮ್ ಬಲಿಗ್ ಬಿದ್ದದ್ ಕಲ್ಲ್ ಮಾರಾಯ್ತಿ. ಇದ್ ರಾಮದಾಸಣ್ಣನ ಬಲಿ ಮೀನ್."

"ರಾಮದಾಸಣ್ಣಂದಾ?"

"ಅವ್ರಿಗ್ ಒಂದ್ ಗುಡ್ಡಿ ಸಿಕ್ಕಿತ್ತಲೆ ಕಡಲಡಿಗೆ. ಕಂಡ್ ಹಿಡ್ದರ್ ಮೊದ್ಲ್ ಬಲಿ ಬಿಡುದ್ ಅಲ್ದಾ. ಬಲಿ ಮೇಲ್ ಬಪ್ಪತಿಗೆ ನಾವ್ ಹೋಯಿ ಹಗ್ಗ ಹಿಡುದ್. ಹಗ್ಗ ಮುಟ್ದರಿಗೆಲ್ಲ ಪಾಲ್. ಇದ್ ಗೊತ್ತಿಲ್ಯಾ ನಿಂಗೆ? ಅಜ್ಜನ ಕಾಲದಗೆ ಕೈರಂಪಣಿ ಎಳುವತಿಗೂ ಹಾಂಗೇ."

ಸುಜಯಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಗೊತ್ತಿಲ್ಲದೆ ಏನು? ದಡದಿಂದ ಊರೆಲ್ಲ ಸೇರಿ ದೊಡ್ಡ ಬಲೆ ಎಳೆಯುತ್ತಿದ್ದ ಕಾಲದ ಕಥೆಯನ್ನು ಅವಳು ಹಾಲು ಕುಡಿಯುವಾಗಲೇ ಕೇಳಿದ್ದಳು. ಹಗ್ಗಕ್ಕೆ ಕೈ ಹಾಕಿದವರು ಮುದುಕರಾಗಲಿ, ದಾರಿಹೋಕರಾಗಲಿ, ಬರಿಗೈಯಲ್ಲಿ ಮರಳಬಾರದು. ಬೋಟುಗಳು ದಿನಕ್ಕೊಮ್ಮೆ ಒಂದೆಡೆ ಸೇರುವುದು ಪರದೆಯ ಮೇಲೂ ಕಾಣುತ್ತಿತ್ತು. ಊಟಕ್ಕೆ ಕೂಡುತ್ತಾರೆ ಎಂದುಕೊಂಡು ಕೇಂದ್ರದವರು ನಕ್ಕಿದ್ದರು, ಅವಳೂ ನಕ್ಕಿದ್ದಳು. ರಾಮದಾಸರ ಬಲೆ ನೀರಿನ ಮೇಲೆ ಬರುತ್ತದೆ, ಇಪ್ಪತ್ತೆರಡು ಬೋಟಿನವರು ಅದರಿಂದಲೇ ಬುಟ್ಟಿ ತುಂಬಿಕೊಳ್ಳುತ್ತಾರೆ, ಆ ಮೀನು ಅವರವರ ತೂಕಗಣ್ಣಿನ ಮುಂದೆ ಜಾರುತ್ತದೆ. ಅವರ ಕಣ್ಣಿಗೆ ಅದು ಬೋಟಿನಿಂದ ಬೋಟಿಗೆ ದಾಟಿಸಿದ ಮೀನಲ್ಲ, ಹಗ್ಗದ ಪಾಲು. ಶಾನುಭೋಗರಿಗೆ ಹಂಚಿ ತಿನ್ನುವುದು ಗೊತ್ತಿಲ್ಲ. ಇಪ್ಪತ್ತಮೂರು ಕಡೆ ಬಲೆ ಬಿಟ್ಟಿದ್ದಾರೆ, ಇಪ್ಪತ್ತಮೂರು ಕಡೆಯೂ ಮೀನಿದೆ ಎಂದು ಬರೆದುಕೊಂಡಿದ್ದಾರೆ.

ಅಂದರೆ ಕಡಲೆಲ್ಲ ಖಾಲಿ. ಉಳಿದದ್ದು ಒಂದೇ ಗುಡ್ಡ. ಅಲ್ಲಿ ಕೆಂಗಣ್ಣಿಗಳು ಈಗ ಮೊಟ್ಟೆಯಿಡಲು ಗುಂಪುಗೂಡಿವೆ.

"ಅಣ್ಣ, ಬೇರೆಯವ್ರ ಬಲಿಗ್ ಎಂತ ಬೀಳ್ತಿತ್ತ್?"

"ಅದ್ನ ಯಾರ್ ಕೇಂತ್ರ್? ಕಡಲಿಗ್ ಹೋದನ್ ಬಾಯಗ್ ಸೊನ್ನೆ ಅಂತ ಬಪ್ಪುಕಾಗ. ಇನ್ನೂ ಬಪ್ಪುಕಿತ್ತ್ ಅನ್ಕ್." ಅವನು ಎದ್ದು ಕೈ ತೊಳೆದ. ಅದೂ ಈ ತೀರದ ಹಳೆಯ ನಡೆ. ಬಲೆ ಬರಿದಾಗಿ ಬಂದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಇನ್ನೂ ಬರಲಿದೆ ಎನ್ನುತ್ತಾರೆ. ಪ್ರತಿಯೊಬ್ಬನೂ ಅದು ತನ್ನೊಬ್ಬನ ಗ್ರಹಚಾರ ಎಂದು ನುಂಗಿಕೊಂಡು, ರಾಮದಾಸರ ಹಗ್ಗ ಹಿಡಿದು ಮಾನ ಉಳಿಸಿಕೊಳ್ಳುತ್ತಾನೆ.

ಸದಾಶಿವ ಹೊರಟ ಮೇಲೆ ಲಚ್ಚಕ್ಕ ಮಗಳ ಎದುರು ಬಂದು ಕೂತಳು. "ಎಂತ ಆಯ್ತೆ ಹೆಣ್ಣೇ? ಅವ್ನಿಗೆ ತೊಂದ್ರಿ ಇತ್ತಾ?"

"ಇಲ್ಲ ಅಮ್ಮ" ಎಂದಳು ಸುಜಯಾ. ಸುಳ್ಳು ಹೇಳಿದ್ದು ಅಮ್ಮನಿಗೆ ತಿಳಿಯಿತು, ತಿಳಿದದ್ದು ಇವಳಿಗೂ ತಿಳಿಯಿತು.

ಅತ್ತ ದರಿ, ಇತ್ತ ಪುಲಿ. ಹೇಳಿದರೆ ಅಣ್ಣ ಮೂರು ವರ್ಷ ದಡದಲ್ಲಿ ಕೂರಬೇಕು, ಕೈಗೆ ಮಗು ಬರುವ ಹೊತ್ತಿಗೆ. ಅವನೊಬ್ಬನೇ ಅಲ್ಲ, ಹಗ್ಗ ಹಿಡಿದ ಪ್ರತಿಯೊಬ್ಬನೂ. ಹೇಳದಿದ್ದರೆ ನಾಳೆ ಮಿತಿ ಎರಡು ಪಟ್ಟಾಗುತ್ತದೆ. ಹೊರಗಿನ ಹಡಗುಗಳು ಬರುತ್ತವೆ. ಆ ಗುಡ್ಡವನ್ನು ಅವರೂ ಹುಡುಕಿಯಾರು. ಈ ಮಳೆಗಾಲದೊಳಗೆ ಕೊನೆಯ ಗುಂಪು ಮುಗಿದರೆ, ಹುಟ್ಟಲಿರುವ ಮಗುವಿಗೆ ಮಗು ಹುಟ್ಟಿದರೂ ಈ ಕಡಲಿಗೆ ಕೆಂಗಣ್ಣಿ ಮರಳುವುದಿಲ್ಲ. ಆಗ ಮೂರು ವರ್ಷವಲ್ಲ, ಈ ತೀರದ ಬೋಟುಗಳು ಶಾಶ್ವತವಾಗಿ ದಡದಲ್ಲೇ.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಅವಳು ಕೇಂದ್ರದ ಪ್ರಯೋಗಾಲಯಕ್ಕೆ ಹೋದಳು. ಅಣ್ಣನ ಬಾಯಿಯ ಮಾತಿಲ್ಲದೆಯೇ ಸತ್ಯ ತೋರಿಸಲು ಒಂದು ದಾರಿ ಉಂಟೆಂಬ ಆಸೆ. ಮೀನಿನ ತಲೆಯೊಳಗೆ ಅವರೆಕಾಳಿಗಿಂತ ಚಿಕ್ಕದಾದ ಕಿವಿಗಲ್ಲುಗಳಿರುತ್ತವೆ. ಕೊಯ್ದು ನೋಡಿದರೆ ಮರದ ಕಾಂಡದಲ್ಲಿದ್ದಂತೆ ವರ್ಷಕ್ಕೊಂದು ಉಂಗುರ. ಪ್ರತಿ ಬೋಟಿನಿಂದ ವಾರಕ್ಕೊಮ್ಮೆ ಬರುವ ತಲೆಗಳಲ್ಲಿ ಕೇಂದ್ರದವರು ಈ ಉಂಗುರ ಎಣಿಸಿ ವಯಸ್ಸು ಬರೆಯುತ್ತಿದ್ದರು, ಅಷ್ಟಕ್ಕೇ ಬಿಡುತ್ತಿದ್ದರು. ಆದರೆ ಮೀನು ಬಾಳಿದ ನೀರಿನ ರುಚಿಯೂ ಆ ಕಲ್ಲಿಗೆ ಇಳಿದಿರುತ್ತದೆ. ಯಾವ ಲೋಹ ಎಷ್ಟು ಎಂದು ನೋಡಿದರೆ ಯಾವ ನೀರಿನ ಮೀನು ಎಂದು ಹೇಳಬಹುದು.

ಅವಳು ಇಪ್ಪತ್ತಮೂರು ಬೋಟಿನ ಕಲ್ಲುಗಳನ್ನು ಯಂತ್ರಕ್ಕಿಟ್ಟಳು. ಪರದೆಯ ಮೇಲೆ ಗೆರೆಗಳು ಒಂದರ ಮೇಲೊಂದು ಬಂದು ಕೂತವು. ತೆಂಕಿನದು, ಬಡಗಿನದು, ಪಡುವಣದ್ದು ಎಂಬ ಭೇದವೇ ಇಲ್ಲ. ಇಪ್ಪತ್ತಮೂರೂ ಒಂದೇ ಗೆರೆ. ಒಂದು ಮೀನಿಗೆ ನೂರಹನ್ನೊಂದು ವರ್ಷವಾಗಿತ್ತು. ಸುಜಯಾ ನಿರ್ದೇಶಕರ ಕೋಣೆಗೆ ನಡೆದಳು.

ಅಣ್ಣನ ಹೆಸರೊಂದನ್ನು ಬಿಟ್ಟು ಅವಳು ಹೇಳಿದ್ದನ್ನೆಲ್ಲ ಹೊಸಮನಿಯವರು ಕೇಳಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ನಿಮ್ಮ ಮಾತು ಖರೇ ಇರಬಹುದ್ರೀ. ಆದ್ರ ಮೀನು ನೂರು ವರ್ಷ ಒಂದ ಕಡೆ ಬಾಳಿ, ಆಮ್ಯಾಲೆ ಹರಡಿದ್ರೂ ಗೆರಿ ಹಿಂಗ ಬರ್ತದ ಅಂತ ಯಾರರ ಕೇಳಿದ್ರ? ಮಂತ್ರಿಗಳು ಹಾದ್ಯಾಗ ಇದ್ದಾರ. ಬರೇ ಕಲ್ಲು ತೋರಿಸಿ ನಾ ಹ್ಯಾಂಗ ತಡೀಲಿ?"

"ಮತ್ತೆ ಎಂತ ಬೇಕು ಸರ್?"

"ಒಬ್ಬ ತಾಂಡೇಲ. ನನ್ನ ಬಲಿಯೊಳಗ ಏನೂ ಬಿದ್ದಿಲ್ಲ, ಇದು ಇನ್ನೊಬ್ಬರ ಮೀನು ಅಂತ ಒಬ್ಬ ತಾಂಡೇಲ ಬಾಯಿಬಿಟ್ಟು ಹೇಳ್ಲಿ. ಅದು ದಾಖಲಾದ್ರ ಕಾನೂನಿನ ಪ್ರಕಾರ ಘೋಷಣಾ ನಿಲ್ಲಸಾಕ ನನಗ ಅಧಿಕಾರ ಅದ." ಸ್ವಲ್ಪ ತಡೆದು ಅಂದರು: "ಹೇಳಿದಾಂವಗ ಏನಾಗ್ತದ ಅಂತ ನಿಮಗ ಗೊತ್ತದ. ನಿಮ್ಮ ಅಣ್ಣನ್ನ ಕೇಳ್ರಿ ಅಂತ ನಾ ಅನ್ನಂಗಿಲ್ಲ."

ಅನ್ನುವುದಿಲ್ಲ ಎಂದು ಹೇಳಿ ಅಂದೇಬಿಟ್ಟಿದ್ದರು.

ಅವಳು ಅಂಗಳಕ್ಕೆ ಬಂದು ಸದಾಶಿವನ ಬೋಟಿನ ಫೋನಿಗೆ ಕರೆ ಮಾಡಿದಳು. ಗಾಳಿಯ ಸದ್ದು, ಇಂಜಿನಿನ ಸದ್ದು, ಅದರ ನಡುವೆ ಅಣ್ಣನ ದನಿ. ಅವಳು ಗೆರೆಗಳ ವಿಷಯ ಹೇಳಿದಳು, ಗುಡ್ಡದ ವಿಷಯ ಹೇಳಿದಳು. ಅಮ್ಮ ಹುರಿದಿಟ್ಟ ಮೊಟ್ಟೆಯ ವಿಷಯ ಹೇಳಿದಳು, ಒಬ್ಬ ತಾಂಡೇಲನ ಬಾಯಿಮಾತು ಬೇಕು ಎಂದಳು.

"ನಾ ಸೊನ್ನೆ ಅಂತ ಹೇಳ್ಕಾ?" ಎಂದ ಸದಾಶಿವ.

"ಹೌದ್ ಅಣ್ಣ."

"ಮೂರ್ ವರ್ಷ ದಡದಗೆ ಕೂಕಂಡ್ ಎಂತ ಮಾಡ್ಲಿ ಸುಜೀ? ಬಲಿ ಹೊಲಿಲಾ?"

"ಹನ್ನೆರಡರ ಒಳ್ಗೆ ಹೇಳ್ಕ್ ಅಣ್ಣ" ಎಂದಳು.

"ನಾನೊಬ್ನೇ ಅಲ್ಲ. ನಾ ಬಾಯ್ ಬಿಟ್ರೆ ಎಲ್ರ ತಲಿ ಮೇಲೂ ಬತ್ತ್. ನಾಳೆಗ್ ನಮ್ಮನಿ ಬಾಗ್ಲಿಗ್ ಯಾರ್ ಬತ್ರ್ ಹೇಳ್?" ಎಂದವನೇ ಫೋನ್ ಇಟ್ಟುಬಿಟ್ಟ.

ಅಣ್ಣನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ತನ್ನ ಮೇಲೆಯೇ ಬಂತು. ಕೇಳಬಾರದ್ದನ್ನು ಕೇಳಿಬಿಟ್ಟೆ ಎನಿಸಿತು, ಕೇಳದೆ ಇದ್ದಿದ್ದರೆ ಇನ್ನು ನೆಮ್ಮದಿಯಾಗಿ ಉಣ್ಣುವುದು ಹೇಗೆ ಎಂದೂ ಎನಿಸಿತು. ಒಳಗೆ ಹೋಗಿ ಪರದೆಯ ಮುಂದೆ ಕೂತಳು. ಕೆಳಗೆ ಬಂದರಿನಲ್ಲಿ ಶಾಮಿಯಾನ ಎದ್ದಿತ್ತು, ಮೈಕಿನವನು ಹಲೋ ಹಲೋ ಅನ್ನುತ್ತಿದ್ದ. ಪರದೆಯ ಮೇಲೆ ಇಪ್ಪತ್ತಮೂರು ಹಸಿರು ಚುಕ್ಕೆ, ಒಂದೊಂದೂ ಒಂದೊಂದು ಬೋಟು. ಅವಳು ಅಣ್ಣನ ಚುಕ್ಕೆಯನ್ನೇ ನೋಡುತ್ತಿದ್ದಳು. ಅದು ಅಲುಗಾಡದೆ ನಿಂತಿತ್ತು. ಹನ್ನೊಂದು ದಾಟಿತು, ಹನ್ನೊಂದೂವರೆಯೂ ಆಯಿತು. ಮಂತ್ರಿಗಳ ಕಾರು ಬಂದಿತೆಂದು ಯಾರೋ ಓಡಿಬಂದು ಹೇಳಿದರು. ಹೊಸಮನಿಯವರು ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತರು, ಹೊರಗೆ ಕಾಲಿಡಲಿಲ್ಲ, ಒಳಗೂ ಬರಲಿಲ್ಲ.

ಆಗ ರೇಡಿಯೋ ಕರಕರ ಎಂದಿತು. ಎಲ್ಲ ಬೋಟುಗಳಿಗೂ ಕೇಳುವ, ಕೇಂದ್ರದಲ್ಲಿ ದಾಖಲಾಗುವ ಸಾರ್ವಜನಿಕ ದಾರಿ ಅದು.

"ಕೇಂದ್ರದವ್ರಿಗೆ ನಮಸ್ಕಾರ. ನಾ ಮರವಂತೆ ಸದಾಶಿವ ಮೊಗವೀರ, ತಾಂಡೇಲ." ದನಿ ಬಿಗಿಯಾಗಿತ್ತು. "ಹೋದ್ ವಾರ ನನ್ ಬಲಿಗ್ ಬಿದ್ದದ್ ಸೊನ್ನೆ. ಅದ್ರ ಹಿಂದಿನ್ ವಾರವೂ ಸೊನ್ನೆ. ಬೋಟಗೆ ತಂದದ್ ಎಲ್ಲ ಬೇರೆಯವ್ರ ಬಲಿ ಮೀನ್."

ಆಮೇಲೆ ಬರೀ ಕರಕರ ಸದ್ದು. ಸುಜಯಾ ಕುರ್ಚಿಯ ಕೈ ಹಿಡಿದು ಕೂತಳು. ಯಾರೂ ಮಾತನಾಡುತ್ತಿಲ್ಲ. ಇನ್ನು ಯಾರೂ ಮಾತನಾಡದಿದ್ದರೆ ಅಣ್ಣ ಇಡೀ ತೀರಕ್ಕೆ ಒಬ್ಬನೇ ಸೋತವನು, ಒಬ್ಬನೇ ಚಾಡಿಕೋರ. ಕಡಲ ನಡುವೆ ಅವನು ಆ ಮೌನವನ್ನು ಹೇಗೆ ಕೇಳಿಸಿಕೊಳ್ಳುತ್ತಿದ್ದಾನೋ ಎಂದು ನೆನೆದು ಅವಳು ರೇಡಿಯೋದ ದನಿ ಏರಿಸಿದಳು.

ಯಾವುದೋ ಮುದಿ ದನಿ ಕೆಮ್ಮಿತು. "ನಂಗೂ ಸೊನ್ನೆಯೇ ಮಗಾ. ಮೂರ್ ವಾರದಿಂದ. ನಂಗೊಬ್ನಿಗೇ ಅಂದ್ಕಂಡಿದ್ದೆ."

"ನಂಗೂ."

"ಹ್ವಾಯ್, ನಮ್ದೂ ಸೊನ್ನೆ. ಬರ್ಕಣಿ."

ಒಂದರ ಹಿಂದೆ ಒಂದು ದನಿ ಬಂತು. ಒಬ್ಬೊಬ್ಬ ಹೇಳಿದಂತೆ ಸುಜಯಾ ಶಾನುಭೋಗರ ಅಂಕಿ ಅಳಿಸಿ ಸೊನ್ನೆ ತುಂಬಿದಳು. ನಕ್ಷೆಯಲ್ಲಿ ಮೀನು ತುಂಬಿದ್ದ ನೀಲಿ ಬಣ್ಣ ತೆಂಕಿನಿಂದ ಆರಿತು, ಬಡಗಿನಿಂದ ಆರಿತು, ಕಡಲೆಲ್ಲ ಬೂದಿಯಾಗಿ ನಡುವೆ ಸಾಸಿವೆಯಷ್ಟು ನೀಲಿ ಉಳಿಯಿತು. ಹೊಸಮನಿಯವರು ಅದನ್ನು ನೋಡುತ್ತ ಕೋಟು ಬಿಚ್ಚಿದರು. ಫೋನೆತ್ತಿ, ಘೋಷಣೆ ಇಲ್ಲವೆಂದು ಕೆಳಗೆ ತಿಳಿಸಿದರು. ಅತ್ತಲಿಂದ ಬೈಗುಳ ಬಂದಿರಬೇಕು, ಅವರು ಫೋನನ್ನು ಕಿವಿಯಿಂದ ದೂರ ಹಿಡಿದರು.

ಕೊನೆಗೆ ಉಳಿದದ್ದು ರಾಮದಾಸರ ದನಿ. ನಿಧಾನಕ್ಕೆ ಬಂತು.

"ತಡ ಆಯ್ತ್, ತಪ್ಪ್ ತಿಳ್ಕಣ್ಬೇಡಿ. ಬಲಿ ತಳದಗಿದ್ದಿತ್ತ್. ಬಾಯಿ ಬಿಚ್ಚಿ ಬಿಟ್ಟೆ, ಹೋಯ್ಲಿ ಅವು. ಇನ್ನ್ ಲೆಕ್ಕ ಅಲ್ದಾ? ಎಲ್ಲ ಮೀನೂ ನಂದ್. ತಪ್ಪೂ ನಂದೇ. ಹುಡ್ಗರಿಗೆ ನಾನೇ ಒತ್ತಾಯ ಮಾಡಿ ಕೊಟ್ಟದ್. ಬೀಗ ನಂಗೊಬ್ನಿಗೆ ಹಾಕಿ."

ಹೊಸಮನಿಯವರು ಸುಜಯಾಳತ್ತ ತಿರುಗಿದರು. "ಒತ್ತಾಯ ಅಂದ್ರ ಉಳಿದವರು ಉಳಿತಾರ್ರೀ. ಕಾನೂನಿನಾಗ ಹಾದಿ ಅದ."

ಒಂದು ಗಳಿಗೆ ಸುಜಯಾಳ ಎದೆ ಹಗುರಾಯಿತು. ಅಣ್ಣ ಉಳಿದ ಎಂದುಕೊಂಡಳು. ಆ ಹಗುರಕ್ಕೆ ನಾಚಿಕೆಯಾಗುವ ಮೊದಲೇ ರೇಡಿಯೋದಲ್ಲಿ ಸದಾಶಿವ ಮಾತನಾಡಿದ.

"ರಾಮದಾಸಣ್ಣ, ಸುಳ್ಳ್ ಹೇಳ್ಬೇಡಿ. ಹಗ್ಗ ನಾವೂ ಮುಟ್ಟಿತ್ತ್. ಪಾಲ್ ತಕಂಬತಿಗೆ ಎಲ್ರೂ, ಶಿಕ್ಷಿಗ್ ನೀವೊಬ್ರಾ? ಅದ್ ಯಾವ್ ಊರಿನ್ ನ್ಯಾಯ?"

"ಸುಮ್ಗಿರ್ ಮಗಾ. ನಿಂಗ್ ಮಗು ಆಪ್ಪುಕಿತ್ತ್."

"ಆಯ್ಲಿ. ನಮ್ಗೂ ಪಾಲ್ ಇತ್ತ್. ಬರ್ಕಣ್ ಸುಜೀ."

"ನಮ್ದೂ" ಎಂದಿತು ಕೆಮ್ಮಿನ ಮುದಿ ದನಿ. ಇನ್ನೊಂದು ದನಿ, ಮತ್ತೊಂದು, ಆಮೇಲೆ ಎಲ್ಲವೂ ಒಟ್ಟಿಗೇ ಬಂದು ಯಾರು ಯಾರೆಂದು ತಿಳಿಯದಂತಾಯಿತು. ಒಬ್ಬರೂ ಹಿಂದೆ ಸರಿಯಲಿಲ್ಲ.

ಹೊಸಮನಿಯವರು ಕಾಗದ ಎಳೆದುಕೊಂಡರು. ಮಿತಿ ಸೊನ್ನೆ ಎಂದು ಸಹಿ ಹಾಕಿದರು. "ಬೀಗ ಒತ್ತಬೇಕ್ರಿ" ಎಂದರು. "ನಿಮ್ಮ ಅಣ್ಣಂದು ನಾ ಒತ್ತಲೇನು?"

"ಬೇಡ ಸರ್."

ಅವಳು ಅಣ್ಣನ ಚುಕ್ಕೆಯ ಮೇಲೆ ಬೆರಳಿಟ್ಟಳು. ಹಸಿರು ಕೆಂಪಾಯಿತು. ಅಷ್ಟು ದೂರದಲ್ಲಿ ವಿಂಚಿನ ಕಬ್ಬಿಣದ ಹಲ್ಲು ಕಚ್ಚಿಕೊಂಡ ಸದ್ದು ರೇಡಿಯೋದಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ಬಿತ್ತ್" ಎಂದ ಸದಾಶಿವ. "ಅಮ್ಮಂಗ್ ಹೇಳ್, ಮನಿಗ್ ಬತ್ತಾ ಇದ್ದೆ ಅಂತ. ಮೂರ್ ವರ್ಷ ಮನಿಲೇ ಇಪ್ಪು ಅಪ್ಪ ಈ ಊರಗೆ ಯಾವ್ ಮಗಿಗ್ ಸಿಕ್ಕಿತ್ ಹೇಳ್?"

ತಮಾಷೆಗೆಂದೇ ಹೇಳಿದ್ದ. ಸುಜಯಾ ಕಣ್ಣೊರೆಸಿಕೊಂಡಳು. ಇನ್ನೂ ಇಪ್ಪತ್ತೆರಡು ಬೋಟು ಬಾಕಿ ಇದ್ದವು.